ಮರೆವಿನ ಬೆಲೆ: ಅಮೆರಿಕದಲ್ಲಿ ಕಳೆದುಹೋದ ತೆರಿಗೆ ವಿನಾಯಿತಿಯನ್ನು ಮರಳಿ ಪಡೆಯುವ ವೆಚ್ಚ

ಅಮೆರಿಕ ಸಂಯುಕ್ತ ಸಂಸ್ಥಾನದ ಲಾಭರಹಿತ ಸಂಸ್ಥೆಯೊಂದು ತನ್ನ ತೆರಿಗೆ ವಿನಾಯಿತಿಯನ್ನು ಕಳೆದುಕೊಂಡರೆ ಅದನ್ನು ಮರಳಿ ಪಡೆಯಲು ಎಷ್ಟು ಖರ್ಚಾಗುತ್ತದೆ ಎಂಬ ಪ್ರಶ್ನೆಗೆ ಅಲ್ಲಿನ ಒಕ್ಕೂಟ ಸರ್ಕಾರದ ತೆರಿಗೆ ಇಲಾಖೆಯಾದ ಆಂತರಿಕ ಕಂದಾಯ ಸೇವೆಯ ಬಳಿ ಒಂದು ಸಾಲಿನ ಉತ್ತರವಿದೆ: ಚಿಕ್ಕ ಅರ್ಜಿಗೆ 275 ಡಾಲರ್, ಪೂರ್ಣ ಅರ್ಜಿಗೆ 600 ಡಾಲರ್. ಈ ಉತ್ತರ ತಪ್ಪಲ್ಲ; ಆದರೆ ಆಸ್ಪತ್ರೆಯ ಹೊರರೋಗಿ ಚೀಟಿಯ ದರವನ್ನೇ ಚಿಕಿತ್ಸೆಯ ವೆಚ್ಚವೆಂದು ಹೇಳಿದರೆ ಎಷ್ಟು ಸರಿಯೋ ಇದೂ ಅಷ್ಟೇ ಸರಿ. ಸಂಸ್ಥೆಯ ಗಾತ್ರ, ವಿನಾಯಿತಿ ಹೋಗಿರುವುದು ಅದರ ಗಮನಕ್ಕೆ ಬಂದ ದಿನ, ಆ ನಡುವಣ ಅವಧಿಯಲ್ಲಿ ಅದರ ಕೈಸೇರಿದ ಹಣದ ಸ್ವರೂಪ, ಅದು ನೆಲೆಸಿರುವ ರಾಜ್ಯದ ಕಾನೂನು, ಇವೆಲ್ಲ ಸೇರಿ ನಿಜವಾದ ಮೊತ್ತವನ್ನು ನಿರ್ಧರಿಸುತ್ತವೆ. ಹೀಗಾಗಿ ಒಂದೇ ಬಗೆಯ ಮರೆವಿಗೆ ಒಂದು ಸಂಸ್ಥೆ ಮುನ್ನೂರು ಡಾಲರಿಗೂ ಕಡಿಮೆ ತೆತ್ತು ಪಾರಾದರೆ ಇನ್ನೊಂದು ಹತ್ತಾರು ಸಾವಿರ ಡಾಲರುಗಳ ಹೊಣೆಯನ್ನು ಹೊರಬೇಕಾಗಬಹುದು.

ವಿನಾಯಿತಿ ಎಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಧರ್ಮ, ಶಿಕ್ಷಣ, ಪರೋಪಕಾರ ಮುಂತಾದ ಉದ್ದೇಶಗಳಿಗಾಗಿ ನಡೆಯುವ ಸಂಸ್ಥೆಗಳನ್ನು ವರಮಾನ ತೆರಿಗೆಯಿಂದ ಹೊರಗಿಡುವ ಪರಿಪಾಠ 1894ರ ಸುಂಕ ಕಾಯಿದೆಯಲ್ಲಿಯೇ ಕಾಣಿಸಿಕೊಂಡಿತು. ಆ ತೆರಿಗೆಯನ್ನು ಮರುವರ್ಷವೇ ಸುಪ್ರೀಂ ಕೋರ್ಟ್ ತಳ್ಳಿಹಾಕಿದರೂ 1913ರಲ್ಲಿ ವರಮಾನ ತೆರಿಗೆ ಮತ್ತೆ ಬಂದಾಗ ವಿನಾಯಿತಿಯೂ ಅದರ ಜೊತೆಯಲ್ಲಿಯೇ ಬಂತು. 1917ರಲ್ಲಿ ದಾನಿಗಳಿಗೂ ಸವಲತ್ತು ದೊರೆಯಿತು: ಇಂಥ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಯನ್ನು ತೆರಿಗೆ ಕಟ್ಟುವಾತ ತನ್ನ ವರಮಾನದಿಂದ ಕಳೆದು ತೋರಿಸಬಹುದಾಯಿತು. ಈಗ ಎಲ್ಲರ ಬಾಯಲ್ಲಿರುವ 501(ಸಿ)(3) ಎಂಬ ಕಲಮಿನ ಸಂಖ್ಯೆ 1954ರ ತೆರಿಗೆ ಸಂಹಿತೆಯಿಂದ ಬಂದದ್ದು; ಹೊಸ ಸಂಸ್ಥೆಗಳು ಅರ್ಜಿ ಹಾಕಿಯೇ ಈ ಸ್ಥಾನಮಾನ ಪಡೆಯಬೇಕೆಂಬ ಸಾಮಾನ್ಯ ನಿಯಮ 1969ರದ್ದು. ಹೀಗೆ ವಿನಾಯಿತಿಗೆ ಎರಡು ಮುಖಗಳಿವೆ. ಸಂಸ್ಥೆಯ ವರಮಾನಕ್ಕೆ ತೆರಿಗೆಯಿಲ್ಲವೆಂಬುದು ಒಂದು, ದಾನಿಯ ದೇಣಿಗೆಗೆ ಕಡಿತ ಸಿಗುತ್ತದೆಂಬುದು ಇನ್ನೊಂದು. ಹೆಚ್ಚು ಉಳಿತಾಯವಿಲ್ಲದ ಚಿಕ್ಕ ಸಂಸ್ಥೆಗೆ ಮೊದಲನೆಯದರಿಂದ ಆಗುವ ಲಾಭ ಅಲ್ಪ. ಅದರ ಪ್ರಾಣವಿರುವುದು ಎರಡನೆಯದರಲ್ಲಿ. ಕಳೆದುಕೊಂಡದ್ದರ ಲೆಕ್ಕ ಹಾಕುವಾಗ ಈ ಭೇದವನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ವಿನಾಯಿತಿ ಪಡೆದ ಸಂಸ್ಥೆ ತೆರಿಗೆ ಕಟ್ಟದಿದ್ದರೂ ವರ್ಷಕ್ಕೊಮ್ಮೆ ವಿವರಪತ್ರ ಸಲ್ಲಿಸಬೇಕೆಂಬ ನಿಯಮ 1940ರ ದಶಕದ ಮೊದಲ ವರ್ಷಗಳಿಂದ ಇದೆ. ಈ ವಿವರಪತ್ರದ ಹೆಸರು ಫಾರ್ಮ್ 990. ಬಹುಕಾಲ ಚಿಕ್ಕ ಸಂಸ್ಥೆಗಳಿಗೆ, ಅಂದರೆ ವರ್ಷದ ಒಟ್ಟು ಜಮೆ ಸಾಮಾನ್ಯವಾಗಿ 25,000 ಡಾಲರ್ ಮೀರದವುಗಳಿಗೆ, ಏನನ್ನೂ ಸಲ್ಲಿಸುವ ಗೋಜಿರಲಿಲ್ಲ. 2006ರ ಆಗಸ್ಟ್ 17ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಪಿಂಚಣಿ ಸಂರಕ್ಷಣಾ ಕಾಯಿದೆ ಈ ಸ್ಥಿತಿಯನ್ನು ಬದಲಿಸಿತು. ಹೆಸರಿನಿಂದ ನಿವೃತ್ತಿ ವೇತನಕ್ಕೆ ಮಾತ್ರ ಸಂಬಂಧಿಸಿದ್ದೆಂದು ತೋರುವ ಆ ದೊಡ್ಡ ಕಾಯಿದೆಯ ಒಂದು ಮೂಲೆಯಲ್ಲಿ ಎರಡು ನಿಯಮಗಳು ಅಡಗಿದ್ದವು: ಚಿಕ್ಕ ಸಂಸ್ಥೆಗಳೂ ಇನ್ನು ಮುಂದೆ 990-ಎನ್ ಎಂಬ ಚುಟುಕು ವಿವರವನ್ನು ಅಂತರ್ಜಾಲದ ಮೂಲಕ ಸಲ್ಲಿಸಬೇಕು, ಯಾವುದೇ ಸಂಸ್ಥೆ ಸತತ ಮೂರು ವರ್ಷ ತನಗೆ ಅನ್ವಯಿಸುವ ವಿವರಪತ್ರವನ್ನು ಸಲ್ಲಿಸದಿದ್ದರೆ ಅದರ ವಿನಾಯಿತಿ ತನ್ನಿಂದ ತಾನೇ ರದ್ದಾಗುತ್ತದೆ. ಜನ ಇ-ಪೋಸ್ಟ್‌ಕಾರ್ಡ್ ಎಂದು ಕರೆಯುವ 990-ಎನ್‌ನಲ್ಲಿ ಕೇಳುವುದು ಸಂಸ್ಥೆಯ ಹೆಸರು, ವಿಳಾಸ, ಗುರುತಿನ ಸಂಖ್ಯೆ, ಮುಖ್ಯ ಪದಾಧಿಕಾರಿ ಮುಂತಾದ ಎಂಟು ಸಂಗತಿಗಳನ್ನು ಮಾತ್ರ. ಅದಕ್ಕೆ ಶುಲ್ಕವಿಲ್ಲ, ತಡವಾದರೆ ದಂಡವೂ ಇಲ್ಲ. 2010ರಿಂದ ಅದರ ಮಿತಿ 50,000 ಡಾಲರಿಗೆ ಏರಿದೆ. ಜಮೆ 2,00,000 ಡಾಲರಿಗೂ ಆಸ್ತಿ 5,00,000 ಡಾಲರಿಗೂ ಕಡಿಮೆಯಿರುವ ಸಂಸ್ಥೆಗಳಿಗೆ 990-ಇಝೆಡ್ ಎಂಬ ಮಧ್ಯಮ ನಮೂನೆ, ಅದಕ್ಕೂ ಮೇಲಿನವುಗಳಿಗೆ ಪೂರ್ಣ 990. ಚರ್ಚುಗಳು, ಅಂದರೆ ತೆರಿಗೆ ಕಾನೂನಿನ ಅರ್ಥದಲ್ಲಿ ದೇವಾಲಯ, ಮಸೀದಿಗಳನ್ನೂ ಒಳಗೊಂಡ ಉಪಾಸನಾ ಸಂಸ್ಥೆಗಳು, ಈ ಬಾಧ್ಯತೆಯಿಂದಲೇ ಹೊರಗಿವೆ.

ಮೂರನೆಯ ವರ್ಷದ ವಿವರಪತ್ರ ಸಲ್ಲಿಸಬೇಕಾಗಿದ್ದ ಕಡೆಯ ದಿನವೇ ರದ್ದತಿಯ ದಿನ. ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷವನ್ನು ಅನುಸರಿಸುವ ಸಂಸ್ಥೆ 2021, 2022, 2023ರ ವಿವರಗಳನ್ನು ಕೊಡದೆಹೋದರೆ 2024ರ ಮೇ 15ರಂದು ಅದರ ವಿನಾಯಿತಿ ಮುಗಿಯುತ್ತದೆ. ಅಧಿಕಾರಿಯೊಬ್ಬ ಕಡತ ಓದಿ ತೀರ್ಮಾನಿಸಬೇಕಾದದ್ದು ಇಲ್ಲಿ ಏನೂ ಇಲ್ಲ. ಈ ನಿಯಮದ ಮೊದಲ ಬೆಳೆ 2010ರ ಮೇ ತಿಂಗಳಲ್ಲಿ ಕೊಯ್ಲಿಗೆ ಬಂತು. ಚಿಕ್ಕ ಸಂಸ್ಥೆಗಳಿಗೆ ಆ ವರ್ಷದ ಅಕ್ಟೋಬರ್ 15ರವರೆಗೆ ಒಂದು ಬಾರಿಯ ರಿಯಾಯಿತಿ ಕೊಟ್ಟ ಬಳಿಕವೂ 2011ರ ಜೂನ್‌ನಲ್ಲಿ ಪ್ರಕಟವಾದ ಮೊದಲ ಪಟ್ಟಿಯಲ್ಲಿ ಸುಮಾರು 2,75,000 ಹೆಸರುಗಳಿದ್ದವು. ಇವುಗಳಲ್ಲಿ ಬಹುಪಾಲು ಎಂದೋ ಮುಚ್ಚಿಹೋದ ಸಂಸ್ಥೆಗಳೆಂದು ಇಲಾಖೆ ಭಾವಿಸಿತ್ತು. ಸತ್ತವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಯುವಂಥ ಕೆಲಸವಿದೆಂಬ ಆ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಬದುಕಿದ್ದೂ ಪಟ್ಟಿಯಿಂದ ಹೊರಬಿದ್ದವರ ಸಮಸ್ಯೆ ಬೇರೆಯೇ ಆಗಿತ್ತು.

ಬದುಕಿದ್ದೂ ಹೆಸರು ಕಳೆದುಕೊಳ್ಳುವ ಸಂಸ್ಥೆಗಳ ಲಕ್ಷಣ ಹೆಚ್ಚುಕಡಿಮೆ ಒಂದೇ: ಸಂಬಳದ ಸಿಬ್ಬಂದಿಯಿಲ್ಲ, ಸ್ವಂತ ಕಚೇರಿಯಿಲ್ಲ, ಪದಾಧಿಕಾರಿಗಳು ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಗುತ್ತಾರೆ, ಇಲಾಖೆಯ ದಾಖಲೆಯಲ್ಲಿರುವ ವಿಳಾಸ ಹಿಂದೊಮ್ಮೆ ಖಜಾಂಚಿಯಾಗಿದ್ದವರ ಮನೆಯದಾಗಿರುತ್ತದೆ. ಗ್ರಂಥಾಲಯ ಬಳಗ, ಶಾಲಾ ಪೋಷಕರ ಸಂಘ, ಮಕ್ಕಳ ಕ್ರೀಡಾ ಕೂಟ ಇವೆಲ್ಲ ಈ ಜಾತಿಗೆ ಸೇರಿದವು. ಅಮೆರಿಕದ ಊರೂರುಗಳಲ್ಲಿ ಯುಗಾದಿ, ಗಣೇಶೋತ್ಸವ, ರಾಜ್ಯೋತ್ಸವಗಳನ್ನು ನಡೆಸುತ್ತ, ವಾರದ ಕೊನೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತ ಬಂದಿರುವ ಕನ್ನಡ ಕೂಟಗಳಲ್ಲಿ ಹಲವು ಇದೇ 501(ಸಿ)(3) ಕಲಮಿನಡಿ ಮಾನ್ಯತೆ ಪಡೆದಿವೆ, ಮತ್ತು ಅವುಗಳ ಕಾರ್ಯಕಾರಿ ಸಮಿತಿಗಳೂ ಹೀಗೆಯೇ ಕೈಯಿಂದ ಕೈಗೆ ಹೋಗುತ್ತವೆ. ಹೊಸ ಸಮಿತಿಗೆ ಹಳೆಯದು ಬ್ಯಾಂಕಿನ ಚೆಕ್ಕುಪುಸ್ತಕವನ್ನೂ ಸಭಾಂಗಣ ಕಾದಿರಿಸಿದ ರಸೀತಿಯನ್ನೂ ತಪ್ಪದೆ ಒಪ್ಪಿಸುತ್ತದೆ; ಐದು ನಿಮಿಷದಲ್ಲಿ ತುಂಬಬಹುದಾದ ಪೋಸ್ಟ್‌ಕಾರ್ಡಿನ ಸಂಗತಿ ಬಾಯಿಮಾತಿನಲ್ಲಿಯೂ ದಾಟದೆ ಉಳಿಯಬಹುದು.

ಇಂಥ ರದ್ದತಿಯ ವಿರುದ್ಧ ಮೇಲ್ಮನವಿಯಿಲ್ಲ. ವಿವರಪತ್ರ ಸಲ್ಲಿಸಿದ್ದೂ ಇಲಾಖೆಯೇ ತಪ್ಪಾಗಿ ದಾಖಲಿಸಿದ್ದರೆ ಅದನ್ನು ಸರಿಪಡಿಸಬಹುದೇ ಹೊರತು, ಕ್ರಮಬದ್ಧವಾಗಿ ಆದ ರದ್ದತಿಯನ್ನು ಹಿಂದೆಗೆದುಕೊಳ್ಳುವ ಅಧಿಕಾರ ಇಲಾಖೆಗೇ ಇಲ್ಲ; ವಿನಾಯಿತಿಯ ವ್ಯಾಜ್ಯಗಳಲ್ಲಿ ನ್ಯಾಯಾಲಯದಿಂದ ಘೋಷಣೆ ಪಡೆಯಲು ಅವಕಾಶ ಕೊಡುವ ಕಲಮು ಕೂಡ ಈ ಬಗೆಯ ರದ್ದತಿಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ತತ್ತ್ವದ ಪ್ರಶ್ನೆಯಿಂದಾಗಿ ವಿನಾಯಿತಿ ಕಳೆದುಕೊಂಡ ದೊಡ್ಡ ಸಂಸ್ಥೆಗಳಿಗೆ ದೊರೆತ ವಿಚಾರಣೆಯ ದೀರ್ಘತೆಯನ್ನು ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಅವುಗಳಲ್ಲಿ ಹೆಸರಾದದ್ದು ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್‌ನ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಪ್ರಕರಣ. ಜನಾಂಗ ಭೇದ ಮಾಡುವ ಖಾಸಗಿ ಶಾಲೆಗಳಿಗೆ ವಿನಾಯಿತಿಯಿಲ್ಲವೆಂದು ಇಲಾಖೆ 1970ರಲ್ಲಿ ಪ್ರಕಟಿಸಿತು. ಆಗ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳದಿದ್ದ ಈ ವಿಶ್ವವಿದ್ಯಾಲಯ ಮುಂದೆ ಹಂತಹಂತವಾಗಿ ಪ್ರವೇಶ ಕೊಟ್ಟಿತಾದರೂ ಭಿನ್ನ ಜನಾಂಗದ ವಿದ್ಯಾರ್ಥಿಗಳ ನಡುವಣ ಪ್ರೇಮ, ವಿವಾಹಗಳನ್ನು ನಿಷೇಧಿಸಿತ್ತು. 1976ರ ಜನವರಿಯಲ್ಲಿ ಇಲಾಖೆ ಅದರ ವಿನಾಯಿತಿಯನ್ನು 1970ರ ಡಿಸೆಂಬರ್ 1ರಿಂದಲೇ ಅನ್ವಯವಾಗುವಂತೆ ರದ್ದುಗೊಳಿಸಿತು. ವಿಶ್ವವಿದ್ಯಾಲಯ ಹೂಡಿದ ದಾವೆಯ ಮೊತ್ತ ಕುತೂಹಲಕರವಾದದ್ದು: ಒಬ್ಬ ನೌಕರನ ಬಾಬ್ತು 1975ರ ಒಕ್ಕೂಟ ನಿರುದ್ಯೋಗ ತೆರಿಗೆಯೆಂದು 21 ಡಾಲರ್ ಕಟ್ಟಿ, ಅದನ್ನು ಮರಳಿಸಬೇಕೆಂದು ಅದು ನ್ಯಾಯಾಲಯದ ಮೆಟ್ಟಿಲೇರಿತು. ಸರ್ಕಾರ ಪ್ರತಿಯಾಗಿ 1971ರಿಂದ 1975ರವರೆಗಿನ ಬಾಕಿಯೆಂದು 4,89,675 ಡಾಲರ್ ಮತ್ತು ಬಡ್ಡಿಯನ್ನು ಕೇಳಿತು. ವಿನಾಯಿತಿ ಹೋದಾಗ ಬರುವ ಬಿಲ್ಲು ಲಾಭದ ಮೇಲಿನ ತೆರಿಗೆಯದೇ ಆಗಿರಬೇಕಿಲ್ಲ, ಯಾರ ಲಕ್ಷ್ಯಕ್ಕೂ ಬಾರದ ನೌಕರಬಾಬ್ತಿನ ತೆರಿಗೆಯದೂ ಆಗಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಕ್ಕದು. 1983ರ ಮೇ 24ರಂದು ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ ಇಲಾಖೆಯ ಪರವಾಗಿ ತೀರ್ಪಿತ್ತಿತು. ವಿಶ್ವವಿದ್ಯಾಲಯ ಆ ನಿಷೇಧವನ್ನು ಕೈಬಿಟ್ಟದ್ದು 2000ದಲ್ಲಿ. ಸಂಸ್ಥೆಯ ರಚನೆಯನ್ನೇ ಮಾರ್ಪಡಿಸಿಕೊಂಡು ವಿನಾಯಿತಿಯನ್ನು ಮರಳಿ ಪಡೆದದ್ದು 2017ರಲ್ಲಿ. ತೀರ್ಪಿನಿಂದ ಲೆಕ್ಕ ಹಾಕಿದರೂ ಮೂವತ್ತನಾಲ್ಕು ವರ್ಷ ಅದರ ದಾನಿಗಳಿಗೆ ತೆರಿಗೆಯ ಕಡಿತವಿರಲಿಲ್ಲ.

ಇನ್ನೆರಡು ಪ್ರಕರಣಗಳನ್ನು ಸಂಕ್ಷೇಪವಾಗಿ ನೋಡಿದರೆ ಸಾಕು. ಕ್ಯಾಲಿಫೋರ್ನಿಯಾದ ಸೈಂಟಾಲಜಿ ಚರ್ಚು 1967ರಲ್ಲಿ ವಿನಾಯಿತಿ ಕಳೆದುಕೊಂಡಿತು; ದಶಕಗಳ ವ್ಯಾಜ್ಯದ ನಂತರ 1993ರ ಅಕ್ಟೋಬರ್‌ನಲ್ಲಿ ಆ ಪಂಥದ ಸಂಸ್ಥೆಗಳು ಇಲಾಖೆಯೊಡನೆ ಒಪ್ಪಂದಕ್ಕೆ ಬಂದವು, ಅದಕ್ಕಾಗಿ 1.25 ಕೋಟಿ ಡಾಲರ್ ತೆತ್ತದ್ದು ನಾಲ್ಕು ವರ್ಷಗಳ ಬಳಿಕ ಪತ್ರಿಕೆಗಳ ಮೂಲಕ ಹೊರಬಿತ್ತು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಬಳಿಯ ಚರ್ಚೊಂದು 1992ರ ಚುನಾವಣೆಯ ಹೊಸ್ತಿಲಲ್ಲಿ ಬಿಲ್ ಕ್ಲಿಂಟನ್ ವಿರುದ್ಧ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟದ್ದರಿಂದ 1995ರಲ್ಲಿ ವಿನಾಯಿತಿ ಕಳೆದುಕೊಂಡಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಈ ರದ್ದತಿಯನ್ನು ಎತ್ತಿಹಿಡಿದರೂ, ಚರ್ಚುಗಳು ಅರ್ಜಿಯಿಲ್ಲದೆಯೇ ವಿನಾಯಿತಿಗೆ ಅರ್ಹವಾದ್ದರಿಂದ ರಾಜಕೀಯದಿಂದ ದೂರವಿದ್ದರೆ ಮತ್ತೆ ಆ ಸ್ಥಾನವನ್ನು ಹೇಳಿಕೊಳ್ಳಬಹುದೆಂದೂ, ರದ್ದತಿಯ ಪರಿಣಾಮ ಬಹುಮಟ್ಟಿಗೆ ಸಾಂಕೇತಿಕವೆಂದೂ ಗಮನಿಸಿತು. ಬೇಕೆಂದೇ ನಿಯಮ ಮೀರಿದ ಚರ್ಚಿಗೆ ಪರಿಣಾಮ ಸಾಂಕೇತಿಕ, ಪೋಸ್ಟ್‌ಕಾರ್ಡು ಮರೆತ ಗ್ರಂಥಾಲಯ ಬಳಗಕ್ಕೆ ವಾಸ್ತವಿಕ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲವಾದರೂ ಅಸಮತೋಲನವಿದೆಯೆಂಬುದನ್ನು ಅಲ್ಲಗಳೆಯಲಾಗದು.

ಮೇಲ್ಮನವಿ ಇಲ್ಲದ ಮೇಲೆ ಉಳಿಯುವ ದಾರಿ ಹೊಸ ಅರ್ಜಿಯೊಂದೇ. ಮೊದಲು ಅರ್ಜಿಯಿಲ್ಲದೆ ವಿನಾಯಿತಿ ಅನುಭವಿಸುತ್ತಿದ್ದ ಸಂಸ್ಥೆಯಾಗಿದ್ದರೂ ಮರುಸ್ಥಾಪನೆಗೆ ಅರ್ಜಿ ಕಡ್ಡಾಯ. ದೊಡ್ಡ ಮಾತೃಸಂಸ್ಥೆಯ ಸಮೂಹ ವಿನಾಯಿತಿಯ ನೆರಳಿನಲ್ಲಿದ್ದ ಶಾಖೆಯಾದರೂ ತನ್ನ ಪಾಲಿನ ಅರ್ಜಿಯನ್ನು ತಾನೇ ಹಾಕಬೇಕು. ಶುಲ್ಕದ ಇತಿಹಾಸ ಮಾತ್ರ ಸಮಾಧಾನಕರವಾಗಿದೆ. ಮೊದಲ ಪಟ್ಟಿ ಹೊರಬಂದಾಗ ಪೂರ್ಣ ಅರ್ಜಿಯಾದ ಫಾರ್ಮ್ 1023ಕ್ಕೆ 850 ಡಾಲರ್, ತೀರಾ ಚಿಕ್ಕವುಗಳಿಗೆ 400 ಡಾಲರ್ ಶುಲ್ಕವಿತ್ತು. ಏಕಾಏಕಿ ಹೊರಬಿದ್ದ ಚಿಕ್ಕ ಸಂಸ್ಥೆಗಳಿಗಾಗಿ 2012ರ ಕೊನೆಯವರೆಗೆ ಅದನ್ನು 100 ಡಾಲರಿಗೆ ಇಳಿಸಲಾಗಿತ್ತು. 2014ರ ಜುಲೈನಲ್ಲಿ 1023-ಇಝೆಡ್ ಎಂಬ ಚುಟುಕು ಅರ್ಜಿ ಬಂತು. ವರ್ಷದ ಜಮೆ 50,000 ಡಾಲರ್, ಆಸ್ತಿ 2,50,000 ಡಾಲರ್ ಮೀರದ ಬಹುತೇಕ ಸಂಸ್ಥೆಗಳು ಅದನ್ನು ಬಳಸಬಹುದು. ಅದರ ಶುಲ್ಕ 400 ಡಾಲರಿನಿಂದ ಆರಂಭವಾಗಿ 2016ರಲ್ಲಿ 275ಕ್ಕೆ ಇಳಿಯಿತು. ಪೂರ್ಣ ಅರ್ಜಿಯ ಶುಲ್ಕ 2018ರಿಂದ ಎಲ್ಲರಿಗೂ 600 ಡಾಲರ್.

ಶುಲ್ಕ ಎಷ್ಟೆಂಬುದಕ್ಕಿಂತ ಮರಳಿ ಬಂದ ವಿನಾಯಿತಿ ಯಾವ ದಿನದಿಂದ ಜಾರಿಗೆ ಬರುತ್ತದೆಂಬುದು ಮುಖ್ಯ. ರದ್ದಾದ ದಿನದಿಂದಲೇ ಜಾರಿಗೆ ಬಂದರೆ ನಡುವೆ ಏನೂ ಆಗಲಿಲ್ಲವೆಂಬಂತೆ ಸಂಸ್ಥೆ ಮುಂದುವರಿಯುತ್ತದೆ. ಅರ್ಜಿ ಕಳಿಸಿದ ದಿನದಿಂದ ಮಾತ್ರ ಜಾರಿಗೆ ಬಂದರೆ ನಡುವೆ ಒಂದು ಖಾಲಿ ಅವಧಿ ಉಳಿಯುತ್ತದೆ, ಆ ಅವಧಿಯಲ್ಲಿ ಸಂಸ್ಥೆ ತೆರಿಗೆ ಕಾನೂನಿನ ಕಣ್ಣಿಗೆ ಸಾಮಾನ್ಯ ಕಂಪನಿ. 2014ರಲ್ಲಿ ಇಲಾಖೆ ಹೊರಡಿಸಿದ ಕಾರ್ಯವಿಧಾನ ಇದಕ್ಕೆ ನಾಲ್ಕು ದಾರಿಗಳನ್ನು ಗುರುತಿಸಿತು. ಮೂರೂ ವರ್ಷಗಳಲ್ಲಿ 990-ಎನ್ ಅಥವಾ 990-ಇಝೆಡ್ ಸಲ್ಲಿಸಲು ಅರ್ಹವಾಗಿದ್ದ, ಹಿಂದೆಂದೂ ಹೀಗೆ ರದ್ದಾಗದ ಸಂಸ್ಥೆ, ರದ್ದತಿಯ ಪತ್ರ ಅಥವಾ ಪಟ್ಟಿಯ ಪ್ರಕಟಣೆ ಇವೆರಡರಲ್ಲಿ ಯಾವುದು ನಂತರದ್ದೋ ಅಲ್ಲಿಂದ 15 ತಿಂಗಳೊಳಗೆ ಅರ್ಜಿ ಹಾಕಿದರೆ, ಯಾವ ಕಾರಣವನ್ನೂ ಹೇಳಬೇಕಿಲ್ಲದೆ ವಿನಾಯಿತಿ ಹಿಂದಿನಿಂದಲೇ ಮರಳುತ್ತದೆ. ದೊಡ್ಡ ಸಂಸ್ಥೆಯೋ ಎರಡನೆಯ ಬಾರಿ ತಪ್ಪಿದ್ದೋ ಆಗಿದ್ದರೆ ಅದೇ 15 ತಿಂಗಳೊಳಗೆ ಪೂರ್ಣ ಅರ್ಜಿಯ ಜೊತೆ ಬಾಕಿ ವಿವರಪತ್ರಗಳನ್ನೂ, ಮೂರರಲ್ಲಿ ಕನಿಷ್ಠ ಒಂದು ವರ್ಷದ ತಪ್ಪಿಗೆ ಸಮಂಜಸ ಕಾರಣವನ್ನೂ ಒಪ್ಪಿಸಬೇಕು. ಹದಿನೈದು ತಿಂಗಳು ಕಳೆದರೆ ಯಾವ ಗಾತ್ರದ ಸಂಸ್ಥೆಯಾದರೂ ಮೂರೂ ವರ್ಷಗಳಿಗೆ ಕಾರಣ ಹೇಳಬೇಕು. ಇದಾವುದೂ ಆಗದಿದ್ದರೆ ಅರ್ಜಿಯ ದಿನದಿಂದ ಮಾತ್ರ ವಿನಾಯಿತಿ. ಚುಟುಕು ಅರ್ಜಿಗೆ ಅವಕಾಶವಿರುವುದು ಮೊದಲ ಮತ್ತು ಕೊನೆಯ ದಾರಿಗಳಲ್ಲಿ ಮಾತ್ರ.

ಸಮಂಜಸ ಕಾರಣವೆಂದರೆ ಸಾಮಾನ್ಯ ವ್ಯವಹಾರದಲ್ಲಿ ತೋರಬೇಕಾದ ಎಚ್ಚರವನ್ನು ತೋರಿಯೂ ತಪ್ಪು ನಡೆಯಿತೆಂದು ತೋರಿಸುವುದು. ಇಲಾಖೆಯೇ ಲಿಖಿತವಾಗಿ ತಪ್ಪು ಮಾಹಿತಿ ಕೊಟ್ಟಿತ್ತೆ, ಕೈಮೀರಿದ ಘಟನೆ ನಡೆದಿತ್ತೆ, ಸಂಸ್ಥೆಯ ಹಿಂದಿನ ನಡವಳಿಕೆ ಹೇಗಿತ್ತು, ತಪ್ಪು ಬೆಳಕಿಗೆ ಬಂದದ್ದು ಹೇಗೆ, ಮುಂದೆ ಮರುಕಳಿಸದಂತೆ ಏನು ಮಾಡಲಾಗಿದೆ ಎಂಬುದನ್ನೆಲ್ಲ ವಿವರಿಸಿ, ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುವೆನೆಂಬ ಪ್ರಮಾಣದೊಡನೆ ಸಹಿ ಹಾಕಬೇಕು. ಸ್ವಯಂಸೇವಕರಾದ್ದರಿಂದ ನಿಯಮ ಗೊತ್ತಿರಲಿಲ್ಲವೆಂಬ ಸರಳ ಸತ್ಯ ಇಲ್ಲಿ ತಾನೇ ಸಾಕಾಗುವುದಿಲ್ಲ. ವಕೀಲರ, ಲೆಕ್ಕಪರಿಶೋಧಕರ ಶುಲ್ಕ ಬೇಕಾಗುವುದು ಮುಖ್ಯವಾಗಿ ಈ ಹಂತದಲ್ಲಿ. ಚುಟುಕು ಅರ್ಜಿಯನ್ನು ಓದುಬರಹ ಬಲ್ಲ ಯಾವ ಕಾರ್ಯದರ್ಶಿಯೂ ತುಂಬಬಲ್ಲ. ಮೂರು ವರ್ಷಗಳ ಲೆಕ್ಕ ಕಟ್ಟಿ, ಪೂರ್ಣ ವಿವರಪತ್ರಗಳನ್ನು ಸಿದ್ಧಪಡಿಸಿ, ಕಾರಣದ ಹೇಳಿಕೆಯನ್ನು ಹೆಣೆಯುವುದು ಬೇರೆಯೇ ಕಸುಬು, ಅದರ ಕೂಲಿ ಸರ್ಕಾರಿ ಶುಲ್ಕದ ಹಲವು ಪಟ್ಟಾಗುವುದು ಸಹಜ.

ಆ ಕೂಲಿ ದುಬಾರಿಯೆನಿಸಿದರೂ ಅದರಿಂದ ಉಳಿಯುವುದೇನೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ತಡವಾದ ವಿವರಪತ್ರಕ್ಕೆ ಕಾನೂನು ವಿಧಿಸಿದ ಮೂಲ ದಂಡ ದಿನಕ್ಕೆ 20 ಡಾಲರ್. ವರ್ಷದ ಒಂದೊಂದು ವಿವರಪತ್ರಕ್ಕೆ ಅದರ ಮಿತಿ 10,000 ಡಾಲರ್ ಅಥವಾ ಒಟ್ಟು ಜಮೆಯ ಶೇ. 5, ಯಾವುದು ಕಡಿಮೆಯೋ ಅದು. ಹತ್ತು ಲಕ್ಷ ಡಾಲರ್ ಮೀರಿದ ಜಮೆಯುಳ್ಳ ಸಂಸ್ಥೆಗಳಿಗೆ ದಿನಕ್ಕೆ 100 ಡಾಲರ್, ಮಿತಿ 50,000 ಡಾಲರ್. ಬೆಲೆಯೇರಿಕೆಗೆ ತಕ್ಕಂತೆ ಈ ಅಂಕಿಗಳು ಈಚೆಗೆ ಇನ್ನಷ್ಟು ಮೇಲೇರಿವೆ. ವರ್ಷಕ್ಕೆ 3,00,000 ಡಾಲರ್ ಜಮೆಯಿರುವ ಸಂಸ್ಥೆಯ ವಿಷಯದಲ್ಲಿ ಶೇ. 5 ಎಂದರೆ 15,000 ಡಾಲರಾಗುವುದರಿಂದ ಮೂಲ ಮಿತಿಯಾದ 10,000 ಅನ್ವಯಿಸುತ್ತದೆ, ಐನೂರು ದಿನಗಳಲ್ಲಿ ಅದು ತುಂಬಿಬಿಡುತ್ತದೆ, ಮೂರು ವರ್ಷಗಳಿಗೆ 30,000 ಡಾಲರಾಗುತ್ತದೆ. ಹಿಂದಿನಿಂದ ಜಾರಿಯಾಗುವ ಮರುಸ್ಥಾಪನೆ ದೊರೆತು, ಬಾಕಿ ವಿವರಪತ್ರಗಳನ್ನು ಸರಿಯಾಗಿ ಸಲ್ಲಿಸಿದರೆ ಆ ಮೂರು ವರ್ಷಗಳ ದಂಡವನ್ನು ಹೇರುವುದಿಲ್ಲವೆಂದು 2014ರ ಕಾರ್ಯವಿಧಾನ ಹೇಳುತ್ತದೆ. ಹಾಗಾದಾಗ ಕಾರಣದ ಹೇಳಿಕೆಯ ನಾಲ್ಕಾರು ಪುಟಗಳ ಬೆಲೆ 30,000 ಡಾಲರಿನವರೆಗೂ ಹೋಗುತ್ತದೆ.

ಖಾಲಿ ಅವಧಿಯ ಲೆಕ್ಕ ಇನ್ನೂ ತೊಡಕಿನದು. ಆ ಅವಧಿಗೆ ಸಂಸ್ಥೆ ಕಂಪನಿಗಳ ವಿವರಪತ್ರವಾದ ಫಾರ್ಮ್ 1120ನ್ನು ಸಲ್ಲಿಸಿ, ನಿವ್ವಳ ವರಮಾನದ ಮೇಲೆ ಶೇ. 21ರ ದರದಲ್ಲಿ ತೆರಿಗೆ ಕಟ್ಟಬೇಕು. ಪ್ರತಿಫಲ ಬಯಸದೆ ಕೊಟ್ಟ ಶುದ್ಧ ಕೊಡುಗೆಗಳು ವರಮಾನವಾಗುವುದಿಲ್ಲವೆಂದು ಸಾಮಾನ್ಯವಾಗಿ ವಾದಿಸಬಹುದು. ಆದರೆ ಸದಸ್ಯ ಶುಲ್ಕ, ಕಾರ್ಯಕ್ರಮದ ಟಿಕೆಟ್ಟು, ಸ್ಮರಣ ಸಂಚಿಕೆಯ ಜಾಹೀರಾತು, ತರಗತಿಯ ಶುಲ್ಕ ಇವು ವರಮಾನವೇ. ಹೀಗೆ ಹಬ್ಬಗಳಿಗೆ ಟಿಕೆಟ್ಟು ಮಾರಿ ವರ್ಷದ ಕೊನೆಗೆ 6,000 ಡಾಲರ್ ಉಳಿಸಿದ ಸಂಘ 1,260 ಡಾಲರ್ ತೆರಿಗೆ ಕಟ್ಟಬೇಕಾಗುತ್ತದೆ. ಸಂಬಳದ ನೌಕರರಿದ್ದರೆ ಬಾಬ್ ಜೋನ್ಸ್ ಪ್ರಕರಣದಲ್ಲಿ ಕಂಡ ಅದೇ ನಿರುದ್ಯೋಗ ತೆರಿಗೆ ತಲೆಯೆತ್ತುತ್ತದೆ: ಪ್ರತಿ ನೌಕರನ ವರ್ಷದ ಮೊದಲ 7,000 ಡಾಲರ್ ಸಂಬಳದ ಮೇಲೆ ಶೇ. 6, ಅಂದರೆ 420 ಡಾಲರ್. ರಾಜ್ಯದ ನಿರುದ್ಯೋಗ ನಿಧಿಗೆ ವಂತಿಗೆ ಕಟ್ಟುವ ಮಾಲೀಕರಿಗೆ ರಿಯಾಯಿತಿ ದೊರೆತು ಇದು 42 ಡಾಲರಿಗೆ ಇಳಿಯಬಹುದಾದರೂ, 501(ಸಿ)(3) ಎಂಬ ಕಾರಣಕ್ಕೇ ಆ ವಂತಿಗೆಯನ್ನು ಕಟ್ಟದಿದ್ದ ಸಂಸ್ಥೆಗೆ ಆ ರಿಯಾಯಿತಿಯೂ ಸುಲಭವಾಗಿ ಸಿಕ್ಕದು. ಒಂದು ಸವಲತ್ತು ಹೋದಾಗ ಅದರ ಆಸರೆಯಲ್ಲಿ ನಿಂತಿದ್ದ ಇನ್ನೊಂದೂ ಕುಸಿಯುವ ಇಂಥ ಕೊಂಡಿಗಳು ಈ ಕ್ಷೇತ್ರದಲ್ಲಿ ಹಲವಿವೆ.

ದಾನಿಗಳ ವಿಷಯದಲ್ಲಿ ಕಾನೂನು ಕೊಂಚ ಉದಾರವಾಗಿದೆ. ರದ್ದಾದ ಸಂಸ್ಥೆಯ ಹೆಸರು ಇಲಾಖೆಯ ಪಟ್ಟಿಯಲ್ಲಿ ಪ್ರಕಟವಾಗುವವರೆಗೆ ನಂಬಿ ಕೊಟ್ಟ ದೇಣಿಗೆಗೆ ಕಡಿತ ಸಿಗುತ್ತದೆ. ಪ್ರಕಟವಾದ ನಂತರ ಕೊಟ್ಟದ್ದಕ್ಕೆ ಸಿಗುವುದಿಲ್ಲ. ಆದರೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಅನುದಾನ ಕೊಡುವ ಪ್ರತಿಷ್ಠಾನಗಳು ಚೆಕ್ಕು ಬರೆಯುವ ಮುನ್ನ ಈ ಪಟ್ಟಿಯನ್ನು ನೋಡುತ್ತವೆ. ನೌಕರ ಕೊಟ್ಟಷ್ಟೇ ಹಣವನ್ನು ತಾನೂ ಸೇರಿಸಿ ಕೊಡುವ ಕಂಪನಿಗಳ ಜೋಡಿ ದೇಣಿಗೆ ಯೋಜನೆಗಳು ಯಂತ್ರದ ಮೂಲಕವೇ ಇದನ್ನು ಪರೀಕ್ಷಿಸುತ್ತವೆ. ತಂತ್ರಜ್ಞಾನ ಕಂಪನಿಗಳ ನೌಕರರೇ ಹೆಚ್ಚಿರುವ ಕನ್ನಡ ಕೂಟದಂಥ ಸಂಘಕ್ಕೆ ಈ ಬಾಗಿಲು ಮುಚ್ಚುವುದು ಶೇ. 21ರ ತೆರಿಗೆಗಿಂತ ದೊಡ್ಡ ಪೆಟ್ಟಾಗಬಹುದು. ಅಂಚೆಯ ರಿಯಾಯಿತಿ ದರ, ಕೆಲವು ರಾಜ್ಯಗಳ ಮಾರಾಟ ತೆರಿಗೆ ಮತ್ತು ಆಸ್ತಿ ತೆರಿಗೆಯ ವಿನಾಯಿತಿಗಳು ಕೂಡ ಇದೇ ಸ್ಥಾನಮಾನವನ್ನು ಅವಲಂಬಿಸಿರುತ್ತವೆ. ಕನ್ನಡಿಗರ ಸಂಖ್ಯೆ ಹೆಚ್ಚಿರುವ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ವಿನಾಯಿತಿಯೂ ರದ್ದಾದರೆ, ಲಾಭವಿರಲಿ ನಷ್ಟವಿರಲಿ, ಕಂಪನಿಗಳು ವರ್ಷಕ್ಕೆ ಕಟ್ಟಬೇಕಾದ ಕನಿಷ್ಠ 800 ಡಾಲರಿನ ತೆರಿಗೆ ಸಂಘದ ಮೇಲೂ ಬೀಳುತ್ತದೆ.

ಈ ವ್ಯವಸ್ಥೆಯನ್ನು ಎರಡು ಕಡೆಗಳಿಂದ ಟೀಕಿಸಲಾಗಿದೆ. ಮರಳುವ ದಾರಿ ತೀರಾ ಸುಲಭವಾಯಿತೆಂಬುದು ಒಂದು ಟೀಕೆ. ತೆರಿಗೆದಾರರ ಪರವಾಗಿ ಇಲಾಖೆಯೊಳಗೇ ದನಿಯೆತ್ತುವ ರಾಷ್ಟ್ರೀಯ ತೆರಿಗೆದಾರ ವಕಾಲತ್ತು ಕಚೇರಿಯ ಮುಖ್ಯಸ್ಥೆಯಾಗಿದ್ದ ನೀನಾ ಓಲ್ಸನ್ ಅವರು 2015ರ ವರದಿಯಲ್ಲಿ, ಚುಟುಕು ಅರ್ಜಿಯಿಂದ ಮಾನ್ಯತೆ ಪಡೆದ ಸಂಸ್ಥೆಗಳ ಮಾದರಿಯನ್ನು ಪರಿಶೀಲಿಸಿದಾಗ ಶೇ. 37ರಷ್ಟರ ಸ್ಥಾಪನಾ ಪತ್ರಗಳು ಕಾನೂನು ಬಯಸುವ ಷರತ್ತುಗಳನ್ನೇ ಪೂರೈಸಿರಲಿಲ್ಲವೆಂದು ತೋರಿಸಿದರು. ಅಗ್ಗದ ಬಾಗಿಲಿನಿಂದ ಅನರ್ಹರೂ ಒಳಬರುತ್ತಾರೆಂಬ ಈ ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟ. ಎರಡನೆಯ ಟೀಕೆ ಎಚ್ಚರಿಕೆಯಿಲ್ಲದೆ ಶಿಕ್ಷೆಯಾಗುತ್ತದೆಂಬುದು. ಇದಕ್ಕೆ ಸಂಸತ್ತು 2019ರ ಜುಲೈ 1ರ ತೆರಿಗೆದಾರ ಮೊದಲು ಕಾಯಿದೆಯ ಮೂಲಕ ಭಾಗಶಃ ಸ್ಪಂದಿಸಿತು: ಸತತ ಎರಡು ವರ್ಷ ತಪ್ಪಿದ ಸಂಸ್ಥೆಗೆ, ಮೂರನೆಯದೂ ತಪ್ಪಿದರೆ ಏನಾಗುತ್ತದೆಂದು ಇಲಾಖೆ ಈಗ ತಿಳಿಸಬೇಕು. ಆದರೆ ಆ ನೋಟಿಸು ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಜವಾಬ್ದಾರ ವ್ಯಕ್ತಿ ಬದಲಾದರೆ 60 ದಿನಗಳೊಳಗೆ ತಿಳಿಸಲು ಫಾರ್ಮ್ 8822-ಬಿ ಎಂಬ ಬೇರೊಂದು ನಮೂನೆಯಿದೆ. ಪೋಸ್ಟ್‌ಕಾರ್ಡು ಮರೆತ ಸಮಿತಿ ಇದನ್ನು ನೆನಪಿಟ್ಟಿರುತ್ತದೆಂದು ನಿರೀಕ್ಷಿಸುವುದು ಅತಿಯಾದ ಆಶಾವಾದ.

ಟ್ರಸ್ಟಿನ ನೋಂದಣಿಗೂ ದೇಣಿಗೆಯ ಕಡಿತಕ್ಕೂ ಸಂಬಂಧಿಸಿದ 12ಎ, 80ಜಿ ಎಂಬ ಕಲಮುಗಳ ಸಂಖ್ಯೆಗಳನ್ನು ಬಲ್ಲ ಕರ್ನಾಟಕದ ಟ್ರಸ್ಟುಗಳ ಲೆಕ್ಕಿಗರಿಗೆ ಇಲ್ಲಿ ಒಂದು ಹೋಲಿಕೆ ತೋಚದಿರದು. ಭಾರತದಲ್ಲಿ 2020ರ ಹಣಕಾಸು ಕಾಯಿದೆ ಹಳೆಯ ಶಾಶ್ವತ ನೋಂದಣಿಗಳನ್ನು ಕಾಲಮಿತಿಯ ನೋಂದಣಿಗಳಾಗಿ ಮಾರ್ಪಡಿಸಿತು. 1961ರ ಆದಾಯ ತೆರಿಗೆ ಕಾಯಿದೆಗೆ 2016ರಲ್ಲಿ ಸೇರಿದ 115ಟಿಡಿ ಕಲಮು, ನೋಂದಣಿ ಕಳೆದುಕೊಂಡ ಟ್ರಸ್ಟಿನ ಆಸ್ತಿಯ ಮಾರುಕಟ್ಟೆ ಬೆಲೆಯಿಂದ ಸಾಲ ಕಳೆದು ಉಳಿದದ್ದರ ಮೇಲೆ ಗರಿಷ್ಠ ದರದ ತೆರಿಗೆ ಹಾಕಿತು. 2023ರಲ್ಲಿ, ಗಡುವಿನೊಳಗೆ ನವೀಕರಣಕ್ಕೆ ಅರ್ಜಿ ಹಾಕದಿರುವುದನ್ನೂ ಅದರ ವ್ಯಾಪ್ತಿಗೆ ತರಲಾಯಿತು. ಅಮೆರಿಕದ ಕಾನೂನು ಖಾಲಿ ಅವಧಿಯ ವರಮಾನವನ್ನು ಮುಟ್ಟುತ್ತದೆ, ಭಾರತದ್ದು ಕೂಡಿಟ್ಟ ಆಸ್ತಿಯನ್ನೇ ಮುಟ್ಟುತ್ತದೆ. ಊರ ನಡುವೆ ಹಳೆಯ ನಿವೇಶನವಿರುವ ವಿದ್ಯಾಸಂಸ್ಥೆಗೆ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಡವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗೆ ದೊರೆತದ್ದು 2024ರ ಅಕ್ಟೋಬರ್‌ನಿಂದ ಮಾತ್ರ.

ಅಮೆರಿಕದಲ್ಲಿ ವಿನಾಯಿತಿ ಕಳೆದುಕೊಂಡ ಕೆಲವು ಸಂಸ್ಥೆಗಳ ಮುಂದೆ, ಹಳೆಯದನ್ನು ಉಳಿಸುವುದಕ್ಕಿಂತ ಹೊಸ ಸಂಸ್ಥೆಯೊಂದನ್ನು ನೋಂದಾಯಿಸಿ 275 ಡಾಲರಿಗೆ ಹೊಸ ವಿನಾಯಿತಿ ಪಡೆಯುವುದು ಅಗ್ಗವೆಂಬ ಸಲಹೆ ಬರುವುದುಂಟು. ಕಾಗದದ ಮೇಲೆ ಅದು ಅಗ್ಗವೇ. ಆದರೆ ಇಲಾಖೆಯ ರದ್ದತಿಯಿಂದ ರಾಜ್ಯದಲ್ಲಿ ನೋಂದಾಯಿತವಾದ ಹಳೆಯ ಸಂಸ್ಥೆ ಸಾಯುವುದಿಲ್ಲ. ಅದರ ಬಾಕಿ ವಿವರಪತ್ರಗಳು, ಖಾಲಿ ಅವಧಿಯ ತೆರಿಗೆ, ಬ್ಯಾಂಕಿನ ಶಿಲ್ಕು ಎಲ್ಲವೂ ಅದರ ಹೆಸರಿನಲ್ಲಿಯೇ ಉಳಿಯುತ್ತವೆ. ಅದನ್ನು ವಿಧ್ಯುಕ್ತವಾಗಿ ವಿಸರ್ಜಿಸಿ, ಆಸ್ತಿಯನ್ನು ಹೊಸದಕ್ಕೆ ವರ್ಗಾಯಿಸಿ, ಹೊಸ ಗುರುತಿನ ಸಂಖ್ಯೆಯಲ್ಲಿ ಖಾತೆ ತೆರೆದು, ಜೋಡಿ ದೇಣಿಗೆಯ ಕಂಪನಿಗಳಲ್ಲಿ ಮತ್ತೆ ನೋಂದಾಯಿಸಿ, ದಾನಿಗಳಿಗೆ ತಿಳಿಸಿ ಹೇಳುವುದರೊಳಗೆ ಎರಡು ಸಮಿತಿಗಳ ಅವಧಿ ಕಳೆದಿರುತ್ತದೆ, ಮತ್ತು ಎರಡನೆಯ ಸಮಿತಿಯ ಖಜಾಂಚಿಗೆ ಹೊಸ ಸಂಸ್ಥೆಯ ಮೊದಲ ಪೋಸ್ಟ್‌ಕಾರ್ಡಿನ ಗಡುವು ಮೇ 15 ಎಂದು ಯಾರಾದರೂ ಹೇಳಬೇಕಾಗಿರುತ್ತದೆ.